ಅಮೆರಿಕದ ಗಣಿ ಕಾರ್ಮಿಕರು ಬಂದೂಕು ಹಿಡಿದದ್ದು ಯಾಕೆ?

ಪ್ರಶ್ನೆ: ಕೂಲಿ ಸಾಲದು ಅನ್ನೋರು ಮುಷ್ಕರ ಮಾಡ್ತಾರೆ, ಧರಣಿ ಕೂರ್ತಾರೆ. ಅಮೆರಿಕದ ಕಲ್ಲಿದ್ದಲು ಗಣಿಯವರು ಮಾತ್ರ ಬಂದೂಕು ಹಿಡಿದು ಯುದ್ಧಕ್ಕೇ ನಿಂತದ್ದು ಯಾಕೆ? ಸರ್ಕಾರ ಅವರ ಮೇಲೆ ವಿಮಾನದಿಂದ ಬಾಂಬ್ ಹಾಕಿತ್ತಂತೆ, ನಿಜವೇ?

ಉತ್ತರ: ಎರಡನೆಯ ಪ್ರಶ್ನೆ ಮೊದಲು. ಬಾಂಬ್ ಬಿದ್ದದ್ದು ನಿಜ, ಹಾಕಿದ್ದು ಸೈನ್ಯವಲ್ಲ. 1921ರ ಆಗಸ್ಟ್ ಕೊನೆಯಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯದ ಬ್ಲೇರ್ ಪರ್ವತದಲ್ಲಿ ನಡೆದದ್ದು ಇದು. ಹತ್ತಿರ ಹತ್ತಿರ 10,000 ಕಾರ್ಮಿಕರು ಒಂದು ಕಡೆ, ಲೋಗನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಶೆರಿಫ್, ಅಂದರೆ ಅಲ್ಲಿಯ ಕಾನೂನು ಕಾಯುವ ಅಧಿಕಾರಿ, ಡಾನ್ ಚಾಫಿನ್ ಕೂಡಿಸಿದ ಸುಮಾರು 3,000 ಜನ ಇನ್ನೊಂದು ಕಡೆ. ಬಾಡಿಗೆ ವಿಮಾನಗಳಲ್ಲಿ ತಾವೇ ತಯಾರಿಸಿದ ನಾಡಬಾಂಬ್‌ಗಳನ್ನು ಹೊತ್ತು ತಂದು ಹಾಕಿದ್ದು ಈ ಚಾಫಿನ್ ಕಡೆಯವರು. ಸೈನ್ಯದ ವಿಮಾನಗಳೂ ಬಂದವು, ಆದರೆ ಮೇಲಿಂದ ನೋಡಿಕೊಂಡು ಹೋಗುವುದಕ್ಕೆ.

ಇನ್ನು ಬಂದೂಕಿನ ವಿಷಯ. ಕೂಲಿ ಕಡಿಮೆ ಎಂಬುದೊಂದೇ ಕಾರಣ ಅಂದುಕೊಂಡರೆ ಕಥೆ ಅರ್ಥವಾಗುವುದಿಲ್ಲ. ಆ ಕಣಿವೆಗಳಲ್ಲಿ ಮನೆ ಕಂಪನಿಯದು, ಅಂಗಡಿ ಕಂಪನಿಯದು, ಎಷ್ಟೋ ಕಡೆ ವೈದ್ಯನೂ ಕಂಪನಿಯವನೇ. ಸಂಬಳ ಬಹಳಷ್ಟು ಕಡೆ ಡಾಲರಿನಲ್ಲಿ ಅಲ್ಲ, ಕಂಪನಿಯೇ ಅಚ್ಚು ಹಾಕಿಸಿದ ಬಿಲ್ಲೆಗಳಲ್ಲಿ. ಆ ಬಿಲ್ಲೆ ನಡೆಯುತ್ತಿದ್ದುದು ಕಂಪನಿ ಅಂಗಡಿಯಲ್ಲಿ, ಅಲ್ಲಿ ಹಿಟ್ಟಿಗೂ ಬೂಟಿಗೂ ಕಂಪನಿ ಹೇಳಿದ್ದೇ ಬೆಲೆ. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಳ್ಳುವ ವ್ಯವಹಾರ. ಕೂಲಿ ಸಿಗುತ್ತಿದ್ದುದು ಅಗೆದ ಕಲ್ಲಿದ್ದಲಿನ ತೂಕಕ್ಕೆ, ಆ ಲೆಕ್ಕದಲ್ಲೂ ಮೋಸ: 2,000 ಪೌಂಡಿನ ಗಾಡಿ ಎಂದು ಲೆಕ್ಕ ಬರೆದು 2,500 ಹಿಡಿಸುವಷ್ಟು ದೊಡ್ಡದು ಮಾಡಿಸುವುದು, ಕಲ್ಲು ಬೆರೆತಿದೆ ಎಂದು ಅದರಲ್ಲೂ ಮುರಿದುಕೊಳ್ಳುವುದು. ಅದೇ ರಾಜ್ಯದ ಪೇಂಟ್ ಕ್ರೀಕ್ ಎಂಬಲ್ಲಿ 1912ರಲ್ಲಿ ನಡೆದ ಮುಷ್ಕರದ ಬೇಡಿಕೆಗಳಲ್ಲಿ ‘ತೂಕ ನೋಡಲು ನಮ್ಮ ಕಡೆಯವನೊಬ್ಬ ಇರಲಿ’ ಎಂಬುದೂ ಇತ್ತು. ಅದಕ್ಕೂ ಹೋರಾಡಬೇಕಾಗಿತ್ತು.

ಯೂನಿಯನ್ ಸೇರಿದರೆ ಕೆಲಸ ಹೋಗುತ್ತಿತ್ತು, ಕೆಲಸದ ಜೊತೆಗೆ ಮನೆಯೂ. 1920ರ ಮೇ 19ರಂದು ಮೇಟ್‌ವಾನ್ ಎಂಬ ಊರಿಗೆ ಬಾಲ್ಡ್‌ವಿನ್–ಫೆಲ್ಟ್ಸ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯವರು ರೈಲಿನಲ್ಲಿ ಬಂದು ಕಾರ್ಮಿಕರ ಪಾತ್ರೆಪಗಡಿಯನ್ನು ಬೀದಿಗೆ ಎಸೆದದ್ದು ಹೀಗೆಯೇ. ಅಲ್ಲಿಯ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್ ಮಾತ್ರ, ಅಪರೂಪಕ್ಕೆ, ಕಾರ್ಮಿಕರ ಪರ ನಿಂತ. ಸಂಜೆ ರೈಲು ನಿಲ್ದಾಣದ ಹತ್ತಿರ ಗುಂಡು ಹಾರಿ ಹತ್ತು ಜನ ಸತ್ತರು: ಏಳು ಪತ್ತೇದಾರರು, ಇಬ್ಬರು ಗಣಿಯವರು, ಊರಿನ ಮೇಯರ್. ಕೊಲೆ ಮೊಕದ್ದಮೆಯಲ್ಲಿ ಸಿಡ್ ಬಿಡುಗಡೆಯಾದ. ಆದರೆ 1921ರ ಆಗಸ್ಟ್ 1ರಂದು ಇನ್ನೊಂದು ಕೇಸಿಗೆಂದು ವೆಲ್ಚ್ ಊರಿನ ನ್ಯಾಯಾಲಯಕ್ಕೆ ಹೋದಾಗ, ಮೆಟ್ಟಿಲ ಮೇಲೆ, ಹೆಂಡತಿಯ ಕಣ್ಣೆದುರೇ ಅವನನ್ನೂ ಗೆಳೆಯ ಎಡ್ ಚೇಂಬರ್ಸ್‌ನನ್ನೂ ಅದೇ ಸಂಸ್ಥೆಯವರು ಗುಂಡಿಕ್ಕಿ ಕೊಂದರು. ‘ಆತ್ಮರಕ್ಷಣೆ’ ಅಂದರು, ಪಾರಾದರು.

ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಉತ್ತರ ಆ ಮೆಟ್ಟಿಲ ಮೇಲಿದೆ. ಶೆರಿಫ್‌ನ ಸಹಾಯಕರಿಗೆ ಸಂಬಳ ಕೊಡುತ್ತಿದ್ದವರು ಗಣಿ ಮಾಲೀಕರು, ಅಂದರೆ ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಕೋರ್ಟಿನ ಬಾಗಿಲಲ್ಲೇ ಕೊಂದು ದಕ್ಕಿಸಿಕೊಳ್ಳಬಹುದು ಎಂದಾದ ಮೇಲೆ ದೂರು ಒಯ್ಯುವುದು ಎಲ್ಲಿಗೆ?

ಮೇಟ್‌ವಾನ್ ಇರುವ ಮಿಂಗೋ ಕೌಂಟಿಯ ಜೈಲಿನಲ್ಲಿದ್ದ ತಮ್ಮವರನ್ನು ಬಿಡಿಸಿಕೊಂಡು ಬರುತ್ತೇವೆಂದು ಆ ತಿಂಗಳೇ ಕಾರ್ಮಿಕರು ಹೊರಟರು. ಕುತ್ತಿಗೆಗೆ ಕೆಂಪು ಕರ್ಚೀಫು. ಕರಿಯರು, ಬಿಳಿಯರು, ಇಟಲಿಯಿಂದ ವಲಸೆ ಬಂದವರು, ಎಲ್ಲ ಒಂದೇ ಸಾಲಿನಲ್ಲಿ, ಅದೂ ಬಣ್ಣಭೇದ ಉಸಿರಾಟದಷ್ಟು ಸಹಜವಾಗಿದ್ದ ಕಾಲದಲ್ಲಿ. ಮೊದಲ ಮಹಾಯುದ್ಧದಲ್ಲಿ ಕಾದಾಡಿ ಬಂದವರೂ ಬಹಳ ಜನ ಇದ್ದರು. ನಡುವೆ ಒಮ್ಮೆ ಸೈನ್ಯದ ಜನರಲ್ ಒಬ್ಬ ಬಂದು ಮನವೊಲಿಸಿದ್ದಕ್ಕೆ ಹಲವರು ಊರಿಗೆ ಮರಳಲು ಸಿದ್ಧರೂ ಆಗಿದ್ದರು. ಅಷ್ಟರಲ್ಲಿ ಶಾರ್ಪಲ್ಸ್ ಎಂಬಲ್ಲಿ ರಾತ್ರಿ ಪೊಲೀಸರು ನುಗ್ಗಿ ಕಾರ್ಮಿಕರ ಮೇಲೆ ಗುಂಡು ಹಾರಿಸಿದರು. ಹೊರಟವರೆಲ್ಲ ತಿರುಗಿ ಬಂದರು.

ಎರಡೂ ಕಡೆಯವರಿಗೆ ಗುರುತಿನ ಮಾತು ಇತ್ತು. ಚಾಫಿನ್ ಕಡೆಯವರದು ‘ಆಮೆನ್’. ಕಾಡಿನಲ್ಲಿ ಎದುರಾದ ಒಂದು ಗುಂಪನ್ನು ಜಾನ್ ವಿಲ್‌ಬರ್ನ್ ಎಂಬ ಗಣಿ ಕಾರ್ಮಿಕ-ಪಾದ್ರಿಯ ತಂಡ ‘ಯಾರು?’ ಎಂದು ತಡೆದಾಗ ಬಂದ ಉತ್ತರ ‘ಆಮೆನ್’. ಪಾದ್ರಿಯ ಕಡೆಯವರು ಗುಂಡು ಹಾರಿಸಿದರು.

ಸೆಪ್ಟೆಂಬರ್ ಮೊದಲಲ್ಲಿ ಕೇಂದ್ರ ಸರ್ಕಾರದ ಸೈನ್ಯ ಬಂತು. ಚಾಫಿನ್ ವಿರುದ್ಧ ಸೆಣಸಿದವರು ತಾವೇ ಒಮ್ಮೆ ತೊಟ್ಟಿದ್ದ ಸಮವಸ್ತ್ರದ ಮೇಲೆ ಗುಂಡು ಹಾರಿಸಲಿಲ್ಲ. ಶರಣಾದರು, ಇಲ್ಲವೇ ಬಂದೂಕು ಅಡಗಿಸಿಟ್ಟು ಮನೆ ಸೇರಿದರು. ಆಮೇಲೆ ನೂರಾರು ಜನರ ಮೇಲೆ ಕೊಲೆ, ದೇಶದ್ರೋಹದಂಥ ಆರೋಪಗಳು. ಮುಂದಾಳು ಬಿಲ್ ಬ್ಲಿಜರ್ಡ್‌ನ ವಿಚಾರಣೆ ಚಾರ್ಲ್ಸ್ ಟೌನ್‌ನಲ್ಲಿ ನಡೆಯಿತು, ಗುಲಾಮಗಿರಿಯ ವಿರುದ್ಧ ಎದ್ದ ಜಾನ್ ಬ್ರೌನ್‌ಗೆ ಗಲ್ಲು ವಿಧಿಸಿದ್ದ ಅದೇ ನ್ಯಾಯಾಲಯದಲ್ಲಿ. ಸಿಡಿಯದೆ ಉಳಿದ ಬಾಂಬ್ ಒಂದನ್ನು ಅವನ ಪರ ವಕೀಲರು ಸಾಕ್ಷಿಯಾಗಿ ತಂದಿಟ್ಟರು. ಬ್ಲಿಜರ್ಡ್ ಬಿಡುಗಡೆಯಾದ.

ಯೂನಿಯನ್ ಮಾತ್ರ ನೆಲಕಚ್ಚಿತು. ಸಂಘಟನೆಗೆ ಕಾನೂನಿನ ಬೆಂಬಲ ಸಿಕ್ಕು ಆ ಕಣಿವೆಗಳಲ್ಲಿ ಅದು ಮತ್ತೆ ಬೇರೂರಿದ್ದು 1933ರ ನಂತರ. ಬೆಟ್ಟದ ಜಗಳ ಈಚಿನವರೆಗೂ ಮುಗಿದಿರಲಿಲ್ಲ: 2009ರಲ್ಲಿ ಬ್ಲೇರ್ ಪರ್ವತವನ್ನು ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿದರು, ಅದೇ ವರ್ಷ ತೆಗೆದರು, 2018ರಲ್ಲಿ ಮತ್ತೆ ಸೇರಿಸಿದರು. ಅದರೊಳಗೆ ಇನ್ನೂ ಕಲ್ಲಿದ್ದಲು ಇದೆ.