ಹಳಿ ಬಿಟ್ಟ ಬೋಗಿಗೆ ಪಾರಂಪರಿಕ ಪಟ್ಟ ಸಲ್ಲುತ್ತದೆಯೇ?

ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಯಲಹಂಕಕ್ಕೆ ಹೋಗುತ್ತಿದ್ದ ಸಣ್ಣ ರೈಲಿನ ಎರಡು ಹಳಿಗಳ ನಡುವಿನ ಅಗಲ, ಅಂದರೆ ಗೇಜ್, 762 ಮಿಲಿಮೀಟರ್, ಅಂದರೆ ಎರಡೂವರೆ ಅಡಿ. ಇವತ್ತು ಅಲ್ಲಿರುವ ಬ್ರಾಡ್ ಗೇಜ್ ಹಳಿ 1,676 ಮಿಲಿಮೀಟರ್. ಗೇಜ್ ಬದಲಾದ ಮೇಲೆ ಹಳೆಯ ಬೋಗಿಗಳಿಗೆ ಈ ಸೀಮೆಯಲ್ಲಿ ಉರುಳಲು ಒಂದು ಗಜ ಜಾಗವೂ ಉಳಿಯಲಿಲ್ಲ. ಉಳಿಯಬೇಕಾದರೆ ಲಾರಿ ಹತ್ತಿ ಬೇರೆಲ್ಲಾದರೂ ಹೋಗಿ ಕೂರಬೇಕು, ಇಲ್ಲವೇ ಗ್ಯಾಸ್ ಕಟರ್‌ಗೆ ಸಿಕ್ಕಿ ಗುಜರಿಯಾಗಬೇಕು. ಹಾಗೆ ಊರು ಬಿಟ್ಟ ಬೋಗಿಯನ್ನು ಪಾರಂಪರಿಕ ಆಸ್ತಿ ಎಂದು ಘೋಷಿಸಬಹುದೇ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲಿ.

ಈ ಮಾರ್ಗದ ಮೊದಲ ತುಂಡು, ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಕೋಲಾರದವರೆಗಿನದು, 1913ರಲ್ಲಿ ಶುರುವಾಯಿತು. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಮೈಸೂರಿನ ದಿವಾನರಾಗಿದ್ದ ಕಾಲ ಅದು (1912–1918). ಬೆಂಗಳೂರು–ಚಿಕ್ಕಬಳ್ಳಾಪುರ ಮಾರ್ಗವೂ ಅವರ ದಿವಾನಗಿರಿಯಲ್ಲೇ ಬಂತು. ತೊಂಬತ್ತರ ದಶಕದಲ್ಲಿ ಎರಡೂ ತುದಿಗಳು ಬ್ರಾಡ್ ಗೇಜ್ ಆದವು. ನಡುವಿನ ಕೋಲಾರ–ಚಿಕ್ಕಬಳ್ಳಾಪುರ ಭಾಗಕ್ಕೆ ದೊಡ್ಡ ರೈಲು ಬಂದಿದ್ದು 2013ರಲ್ಲಿ, ಮೊದಲ ರೈಲು ಓಡಿದ ಸರಿಯಾಗಿ ನೂರು ವರ್ಷಕ್ಕೆ.

ಮಾರ್ಗದ ಕಟ್ಟಡಗಳ ಅದೃಷ್ಟ ಸ್ವಲ್ಪ ಚೆನ್ನಾಗಿತ್ತು. ದೇವನಹಳ್ಳಿ, ನಂದಿ ಹಾಲ್ಟ್‌ನಂಥ ಹಳೆಯ ನಿಲ್ದಾಣಗಳನ್ನು ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಶಾಖೆ ಮುತುವರ್ಜಿಯಿಂದ ದುರಸ್ತಿ ಮಾಡಿಸಿದೆ. ಬೋಗಿಗಳಿಗೆ ಅಂಥ ದಿಕ್ಕು ಸಿಗುವುದು ಕಷ್ಟ. ಅದಕ್ಕೆ ಕಾನೂನೂ ಒಂದು ಕಾರಣ. ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯಿದೆ ಮಾತಾಡುವುದು ನೂರು ವರ್ಷ ದಾಟಿದ ಕಟ್ಟಡ, ಗುಹೆ, ಶಾಸನ, ನಿವೇಶನಗಳ ಬಗ್ಗೆ. ನಮ್ಮ ರಾಜ್ಯದ 1961ರ ಕಾಯಿದೆಯೂ ಅದೇ ಅಚ್ಚಿನದು. ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಹುದಾದ ವಸ್ತುಗಳಿಗೆ 1972ರ ಪುರಾವಸ್ತು ಕಾಯಿದೆ ಇದೆ, ಆದರೆ ಅಲ್ಲೂ ನೂರು ವರ್ಷದ ಗಡಿ. 1913ರ ಬೋಗಿಯೊಂದು ಸಿಕ್ಕರೆ ಆ ಬಾಗಿಲು ತಟ್ಟಬಹುದು. 1950ರ ದಶಕದಲ್ಲಿ ತಯಾರಾಗಿ, ಎರಡು ತಲೆಮಾರಿನ ವಿದ್ಯಾರ್ಥಿಗಳನ್ನೂ ಸಂತೆಗೆ ಹೋಗುವವರನ್ನೂ ಹೊತ್ತ ಬೋಗಿಗೆ ಆ ಬಾಗಿಲೂ ಮುಚ್ಚಿದೆ.

ಅಮೆರಿಕದಲ್ಲಿ ಈ ತಕರಾರು ಹಳೆಯದು, ನಿಯಮವೂ ಸ್ಪಷ್ಟ. 1966ರ ಸಂರಕ್ಷಣಾ ಕಾಯಿದೆಯಡಿ ಬಂದ ಅವರ ರಾಷ್ಟ್ರೀಯ ನೋಂದಣಿ ಪಟ್ಟಿಗೆ ಸೇರಲು ಸಾಮಾನ್ಯವಾಗಿ ಐವತ್ತು ವರ್ಷ ಸಾಕು. ಮೂಲ ಜಾಗದಿಂದ ಎತ್ತಿಟ್ಟ ಮನೆಯನ್ನು ಅವರು ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ. ಆದರೆ ಹಡಗು, ರೈಲು ಬೋಗಿ, ಎಂಜಿನ್‌ಗಳು ಓಡಾಡಲೆಂದೇ ಹುಟ್ಟಿದವು. ಹಾಗಾಗಿ ಜಾಗ ಬದಲಾಯಿತೆಂಬ ಒಂದೇ ಕಾರಣಕ್ಕೆ ಅವನ್ನು ತಳ್ಳಿಹಾಕುವುದಿಲ್ಲ. ಈಗ ನಿಂತಿರುವ ಪರಿಸರ ಅದರ ಚರಿತ್ರೆಗೆ ಒಪ್ಪುವಂತಿರಬೇಕು ಎನ್ನುತ್ತಾರೆ: ನಿಲ್ದಾಣದ ಪಕ್ಕ, ಯಾರ್ಡಿನಲ್ಲಿ, ಹಳಿಯ ಮೇಲೆ. ಸ್ಯಾನ್ ಫ್ರಾನ್ಸಿಸ್ಕೋದ ಕೇಬಲ್ ಕಾರುಗಳಂತೂ ದಿನವೂ ಓಡಾಡುತ್ತಲೇ 1964ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತು ಎನಿಸಿಕೊಂಡವು. ಈ ಅಳತೆಗೋಲು ನಮಗೂ ಸರಿಹೊಂದುತ್ತದೆ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಹಾಗಾದರೆ ಬೋಗಿಯಲ್ಲಿ ನೋಡಬೇಕಾದ್ದೇನು? ಮೊದಲು ಅಡಿಭಾಗ. ಗಾಲಿ, ಅಚ್ಚು, ಸ್ಪ್ರಿಂಗ್, ಕೊಂಡಿ, ಚಾಸಿ ಇವೆಯೋ, ಅಥವಾ ಮೇಲಿನ ಡಬ್ಬಿಯನ್ನಷ್ಟೇ ಕತ್ತರಿಸಿ ಸಿಮೆಂಟ್ ಕಟ್ಟೆ ಮೇಲೆ ಕೂರಿಸಿದ್ದಾರೋ. ತಯಾರಕರ ಲೋಹದ ಫಲಕ ಚಾಸಿಗೇ ಅಂಟಿಕೊಂಡಿರಬಹುದು. ಗುಜರಿಯವರು ಮೊದಲು ಕಿತ್ತುಕೊಳ್ಳುವುದೂ ಅಂಥದ್ದನ್ನೇ. ಆಮೇಲೆ ಬಣ್ಣ. ಪಕ್ಕದ ತಗಡಿನ ಮೂಲೆಯಲ್ಲಿ ಅಂಗೈಯಗಲ ಜಾಗವನ್ನು ನಾಜೂಕಾಗಿ ಕೆರೆದರೆ ಪದರ ಪದರವಾಗಿ ಕಾಲ ಬಿಚ್ಚಿಕೊಳ್ಳುತ್ತದೆ. ಮೈಸೂರು ಸಂಸ್ಥಾನದ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯೊಳಗೆ ಸೇರಿತು. ಕೆಳಪದರದಲ್ಲಿ ಸಂಸ್ಥಾನದ ಅಕ್ಷರ ಕಂಡರೆ ಬೋಗಿ ಅದಕ್ಕೂ ಹಿಂದಿನದು. ಒಳಗೆ ಸಾಗುವಾನಿ ಬೆಂಚು ಇದೆಯೋ ಪ್ಲೈವುಡ್ ಬಂದಿದೆಯೋ, ಕಿಟಕಿಯ ಸರಳು ಮೂಲದ್ದೋ ಎಂಬುದು ಮುಂದಿನ ಮಾತು.

ಹಾಗಂತ ಹಳೆಯ ಬೋಗಿಗಳಿಗೆಲ್ಲ ಪಟ್ಟ ಕಟ್ಟಬೇಕಿಲ್ಲ. ನಿಲ್ದಾಣಗಳ ಮುಂದೆ ಈಗ ಹೋಟೆಲ್ ಆಗಿರುವ ನೀಲಿ ಬೋಗಿಗಳನ್ನು ತೆಗೆದುಕೊಳ್ಳಿ. ಚೆನ್ನೈನ ಪೆರಂಬೂರಿನಲ್ಲಿರುವ ರೈಲ್ವೆಯ ಬೋಗಿ ಕಾರ್ಖಾನೆ ಐಸಿಎಫ್ 1955ರಿಂದ 2018ರವರೆಗೆ ಆ ವಿನ್ಯಾಸದ ಬೋಗಿಗಳನ್ನು ಸಾವಿರ ಸಾವಿರ ಲೆಕ್ಕದಲ್ಲಿ ಮಾಡಿತು. ಅವಕ್ಕೆ ಮರುಬಳಕೆಯೇ ಒಳ್ಳೆಯ ಗತಿ. ನಮ್ಮ ಸಣ್ಣ ರೈಲಿನ ಬೋಗಿ ಅಷ್ಟು ಅಗ್ಗದ್ದಲ್ಲ. ಹಳಿಯೂ ಹೋದಮೇಲೆ ಆ ಮಾರ್ಗದಲ್ಲಿ ಕೂತು ಹೋಗುವುದು ಹೇಗಿತ್ತು ಎಂದು ತೋರಿಸಲು ಅದು ಬಿಟ್ಟರೆ ಇನ್ನೇನಿದೆ?

ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ 1979ರಿಂದ ಮಹಾರಾಣಿಯವರ ಐಷಾರಾಮಿ ಸಲೂನ್ ಬೋಗಿಯನ್ನು ಜತನವಾಗಿ ಇಟ್ಟುಕೊಂಡಿದೆ. ಅರಮನೆಯ ಬೋಗಿಗೆ ಸಿಕ್ಕ ಗೌರವ ಮೂರನೇ ದರ್ಜೆಯ ಮರದ ಬೆಂಚಿಗೂ ಸಿಗಬೇಕು. ಚಾಸಿ ಸಮೇತ ಗುರುತು ಉಳಿದ ಬೋಗಿ ಎಲ್ಲೇ ಸಿಗಲಿ, ನಂದಿ ಹಾಲ್ಟ್‌ನಂಥ ನಿಲ್ದಾಣದ ಪಕ್ಕಕ್ಕೆ ತಂದು, ಎರಡೂವರೆ ಅಡಿ ಅಗಲದ ಹಳಿ ಹಾಕಿ, ಮೇಲೊಂದು ಸೂರು ಕಟ್ಟಿ ನಿಲ್ಲಿಸಿದರೆ ಅದು ಪಟ್ಟಕ್ಕೆ ಅರ್ಹ. ಚಾಸಿ ಕಳೆದುಕೊಂಡ ಡಬ್ಬಿಯಾದರೆ ಪಟ್ಟ ಬೇಡ. ಆದರೂ ಕೆಡವುವ ಮುನ್ನ ಅಳತೆ, ನಂಬರು, ಫೋಟೊಗಳನ್ನು ಜಿಲ್ಲಾಡಳಿತ ದಾಖಲಿಸಿಕೊಳ್ಳಬೇಕು. ಅದಕ್ಕೆ ಹೊಸ ಕಾಯಿದೆಯೇನೂ ಬೇಕಿಲ್ಲ.