ಜರ್ಮನಿಯಲ್ಲಿ ಕೆಲಸ ಹೋದರೆ ಊರಿನ ಸಾಮಾನ್ಯ ವಕೀಲರು ಸಾಕೇ?

ಪ್ರಶ್ನೆ: ಜರ್ಮನಿಯ ಸಣ್ಣ ಊರೊಂದರಲ್ಲಿ ಎಂಜಿನಿಯರ್ ಆಗಿದ್ದೇನೆ. ಕಂಪನಿ ನನ್ನನ್ನು ಕೆಲಸದಿಂದ ತೆಗೆದು ಪತ್ರ ಕೊಟ್ಟಿದೆ. ಮನೆಯ ಹತ್ತಿರ ಎಲ್ಲ ಬಗೆಯ ಕೇಸುಗಳನ್ನೂ ನೋಡುವ ವಕೀಲರೊಬ್ಬರಿದ್ದಾರೆ. ಅವರ ಬಳಿಗೇ ಹೋಗಲೇ, ದೊಡ್ಡ ನಗರದ ತಜ್ಞರನ್ನು ಹುಡುಕಲೇ?

ಉತ್ತರ: ಮೊದಲು ಪತ್ರ ನಿಮ್ಮ ಕೈಸೇರಿದ ದಿನವನ್ನು ಬರೆದಿಟ್ಟುಕೊಳ್ಳಿ. ಅಂದಿನಿಂದ 3 ವಾರಗಳೊಳಗೆ ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹೂಡದಿದ್ದರೆ, ಅನ್ಯಾಯದ ವಜಾ ಕೂಡ ಕಾನೂನಿನ ಕಣ್ಣಿನಲ್ಲಿ ಸಿಂಧುವಾಗಿಬಿಡುತ್ತದೆ. ತಜ್ಞರಿಗಾಗಿ ಕಾದು ಈ ಗಡುವು ಕಳೆದುಕೊಳ್ಳುವುದಕ್ಕಿಂತ ನಾಳೆಯೇ ಸಿಗುವ ಊರಿನ ವಕೀಲರು ಮೇಲು.

ಸಾಮಾನ್ಯ ವಕೀಲರೆಂದರೆ ಕಡಿಮೆ ಓದಿದವರೆಂದು ದಯವಿಟ್ಟು ಭಾವಿಸಬೇಡಿ. ಅಲ್ಲಿ ವಕೀಲರಾಗಲು ಎರಡು ಸರ್ಕಾರಿ ಪರೀಕ್ಷೆಗಳನ್ನು ಪಾಸು ಮಾಡಬೇಕು, ನಡುವೆ 2 ವರ್ಷ ಕೋರ್ಟು, ಕಚೇರಿಗಳಲ್ಲಿ ತರಬೇತಿ ಪಡೆಯಬೇಕು. ನ್ಯಾಯಾಧೀಶರಾಗುವವರೂ ಇದೇ ದಾರಿಯಲ್ಲಿ ಬರುತ್ತಾರೆ. ಕಾರ್ಮಿಕ ಕಾನೂನಿನ ತಜ್ಞರೆಂಬ ಬಿರುದಿಗೆ ಇದರ ಮೇಲೆ ವಿಶೇಷ ಶಿಕ್ಷಣ ಮತ್ತು 100 ಕೇಸುಗಳ ಅನುಭವ ಬೇಕು. ನಿಮ್ಮದು ಹಿರಿಯ ಹುದ್ದೆಯಾಗಿದ್ದು ದೊಡ್ಡ ಮೊತ್ತದ ಪರಿಹಾರದ ಮಾತಿದ್ದರೆ ತಜ್ಞರೇ ಸರಿ. ಒಳ್ಳೆಯ ಊರ ವಕೀಲರು ಆ ಮಾತನ್ನು ತಾವೇ ಹೇಳಿ ಕಳಿಸುತ್ತಾರೆ.

ನಮ್ಮ ಕೋರ್ಟುಗಳನ್ನು ಕಂಡವರಿಗೆ ಅಲ್ಲಿನ ವಕೀಲಿಕೆ ಸಪ್ಪೆಯೆನಿಸಬಹುದು. ಸಾಕ್ಷಿಯನ್ನು ಮೊದಲು ವಿಚಾರಿಸುವವರು ನ್ಯಾಯಾಧೀಶರು. ನಮ್ಮಲ್ಲಿಯ ಹಾಗೆ ಪಾಟೀಸವಾಲೇ ಕೇಸಿನ ಜೀವವಲ್ಲ. 1900ರಿಂದ ಜಾರಿಯಲ್ಲಿರುವ ನಾಗರಿಕ ಸಂಹಿತೆಯ ಯಾವ ಕಲಮು ನಿಮಗೆ ಅನ್ವಯಿಸುತ್ತದೆ, ಅದಕ್ಕೆ ಬೇಕಾದ ಸಂಗತಿಗಳೆಲ್ಲ ದಾಖಲೆಯಲ್ಲಿವೆಯೇ ಎಂದು ನೋಡಿ ಬರೆಯುವುದರಲ್ಲೇ ವಕೀಲರ ಶ್ರಮವೆಲ್ಲ ಹೋಗುತ್ತದೆ. ಬಾಡಿಗೆ ತಕರಾರು, ರಸ್ತೆ ಅಪಘಾತ, ವಿಚ್ಛೇದನ ಯಾವುದೇ ಇರಲಿ, ಎಷ್ಟೋ ಸಲ ಅವರ ಮೊದಲ ಪತ್ರಕ್ಕೇ ಎದುರಾಳಿ ಮಾತುಕತೆಗೆ ಬರುತ್ತಾನೆ. ನನ್ನ ಪಾಲಿಗೆ ವಕೀಲರ ನಿಜವಾದ ಬೆಲೆ ಅಲ್ಲಿದೆ.

ಖರ್ಚನ್ನು ಮೊದಲೇ ಕೇಳಿ, ಸಂಕೋಚ ಬೇಡ. ಬೇರೆ ಒಪ್ಪಂದವಿಲ್ಲದಿದ್ದರೆ ಮೊದಲ ಸಮಾಲೋಚನೆಗೆ ಸಾಮಾನ್ಯ ಗ್ರಾಹಕರಿಂದ ಗರಿಷ್ಠ 190 ಯೂರೋ ಮತ್ತು ತೆರಿಗೆಯನ್ನಷ್ಟೇ ಪಡೆಯಬಹುದು. ಅಲ್ಲಿ ಸಿವಿಲ್ ಕೇಸುಗಳಲ್ಲಿ ಸೋತವರು ಗೆದ್ದವರ ವಕೀಲರ ಶುಲ್ಕವನ್ನೂ ಭರಿಸುತ್ತಾರೆ. ಕಾರ್ಮಿಕ ನ್ಯಾಯಾಲಯದ ಮೊದಲ ಹಂತದಲ್ಲಿ ಮಾತ್ರ ಹಾಗಲ್ಲ: ಗೆದ್ದರೂ ನಿಮ್ಮ ವಕೀಲರ ಶುಲ್ಕ ನಿಮ್ಮದೇ.

ವಜಾ ಪತ್ರವನ್ನು ಲಕೋಟೆಯ ಸಮೇತ ಒಯ್ಯಿರಿ, ಕೆಲಸದ ಕರಾರುಪತ್ರವೂ ಜೊತೆಗಿರಲಿ. ಅಲ್ಲಿಯವರೆಗೆ ಕಂಪನಿ ಮುಂದಿಡುವ ಯಾವ ಕಾಗದಕ್ಕೂ ಸಹಿ ಹಾಕಬೇಡಿ.