ದುಡ್ಡು ಬಂದಿದೆ, ನಿಮ್ಮದೇ ಇನ್ನೊಂದು ಖಾತೆಗೆ

"ಸಾರ್, ಊರಲ್ಲಿ ಎಲ್ಲರಿಗೂ ಕಂತು ಬಂತು, ನನಗೊಬ್ಬನಿಗೇ ಇಲ್ಲ. ಪಾಸ್‌ಬುಕ್ಕಿಗೆ ಆಧಾರ್ ಕೊಟ್ಟಿದ್ದೀನಲ್ಲ, ನೋಡಿ." ರೈತರಿಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಕಿಸಾನ್ ಹಣ ಬಿಡುಗಡೆಯಾದ ವಾರ ಬ್ಯಾಂಕಿನ ಕೌಂಟರಿನಲ್ಲೂ ರೈತ ಸಂಪರ್ಕ ಕೇಂದ್ರದಲ್ಲೂ ಇದೇ ಮಾತು. ಹೀಗೆ ಬರುವವರಲ್ಲಿ ಹಲವರ ಹಣ ನಿಜಕ್ಕೂ ಬಂದಿರುತ್ತದೆ. ಕೈಯಲ್ಲಿರುವ ಪಾಸ್‌ಬುಕ್ ಒಂದು, ಹಣ ಬಿದ್ದ ಖಾತೆ ಇನ್ನೊಂದು, ಅಷ್ಟೆ.

ಬ್ಯಾಂಕು ನಿಮ್ಮ ಆಧಾರ್ ಸಂಖ್ಯೆಯನ್ನು ಕೆವೈಸಿಗೆ, ಅಂದರೆ ಗ್ರಾಹಕರ ಗುರುತಿನ ದಾಖಲೆಗೆಂದು ತನ್ನ ಕಂಪ್ಯೂಟರಿಗೆ ಸೇರಿಸಿಕೊಳ್ಳುವುದು ಒಂದು ಕೆಲಸ. ಅದೇ ಸಂಖ್ಯೆಯನ್ನು ಎನ್‌ಪಿಸಿಐ, ಅಂದರೆ ರಾಷ್ಟ್ರೀಯ ಪಾವತಿ ನಿಗಮದ ಮ್ಯಾಪರ್‌ಗೆ (ಯಾವ ಆಧಾರ್‌ಗೆ ಯಾವ ಬ್ಯಾಂಕು ಎಂಬ ಪಟ್ಟಿಗೆ) ಏರಿಸುವುದು ಬೇರೆಯೇ ಕೆಲಸ. ಮೊದಲನೆಯದು ನಾಲ್ಕು ಬ್ಯಾಂಕಿನಲ್ಲಿ ಆಗಿದ್ದರೂ ಅಡ್ಡಿಯಿಲ್ಲ. ಎರಡನೆಯದು ಮಾತ್ರ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಸರ್ಕಾರದಿಂದ ಹೊರಟ ಎರಡು ಸಾವಿರ ರೂಪಾಯಿ ಖಾತೆ ಸಂಖ್ಯೆ ಹಿಡಿದು ಬರುವುದಿಲ್ಲ, ಆಧಾರ್ ಸಂಖ್ಯೆ ಹಿಡಿದು ಬರುತ್ತದೆ. ಮ್ಯಾಪರ್‌ನಲ್ಲಿ ಆ ಸಂಖ್ಯೆಯ ಎದುರು ಯಾವ ಬ್ಯಾಂಕಿನ ಗುರುತಿದೆಯೋ ಅಲ್ಲಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ನಿಮ್ಮ ಯಾವ ಖಾತೆಗೆ ಹಾಕಬೇಕೆಂದು ಆ ಬ್ಯಾಂಕೇ ತೀರ್ಮಾನಿಸುತ್ತದೆ. ಮ್ಯಾಪರ್‌ನಲ್ಲಿ ಖಾತೆ ಸಂಖ್ಯೆ ಇರುವುದೇ ಇಲ್ಲ.

ಇಷ್ಟು ಹೇಳಿದ ಮೇಲೂ "ಅರ್ಜಿಯಲ್ಲಿ ಈ ಖಾತೆ ನಂಬರನ್ನೇ ಬರೆಸಿದ್ದೆ" ಎನ್ನುತ್ತಾರೆ. ಬರೆಸಿರಬಹುದು. ಆಧಾರ್ ಮೂಲಕ ಬರುವ ಹಣ ಅದನ್ನು ನೋಡುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದ ಮೇಲೆ "ಐಎಫ್‌ಎಸ್‌ಸಿ (ಶಾಖೆಯ ಕೋಡ್) ಬದಲಾಗಿದ್ದಕ್ಕೇ ಕಂತು ನಿಂತಿದ್ದು" ಎಂಬ ನಂಬಿಕೆಯೂ ಬೇರೂರಿದೆ. ಆಧಾರ್ ಪಾವತಿಗೆ ಐಎಫ್‌ಎಸ್‌ಸಿ ಬೇಕಾಗಿಯೇ ಇಲ್ಲ. ಅದನ್ನು ತಿದ್ದಿಸಲು ತಾಲ್ಲೂಕು ಕಚೇರಿಗೆ ಅಲೆಯುವುದು ಬಸ್ ಚಾರ್ಜಿಗೆ ದಂಡ.

ಮ್ಯಾಪರ್‌ನಲ್ಲಿ ಕೊನೆಗೆ ಏರಿಸಿದ ಬ್ಯಾಂಕೇ ನಿಲ್ಲುತ್ತದೆ. ಹೊಸ ಖಾತೆ ತೆರೆಯುವಾಗ ಅರ್ಜಿಯ ಕೆಳಗೊಂದು ಸಾಲು ಇರುತ್ತದೆ: ಸರ್ಕಾರದ ಸೌಲಭ್ಯಗಳನ್ನು ಈ ಖಾತೆಗೇ ಪಡೆಯಲು ಒಪ್ಪಿಗೆ ಇದೆ ಎಂದು. ಅದರ ಮುಂದಿನ ಚೌಕಕ್ಕೆ ಟಿಕ್ ಹಾಕುವವರು ಸಾಮಾನ್ಯವಾಗಿ ಏಜೆಂಟರು. ರೈತರು ಹೆಬ್ಬೆಟ್ಟು ಒತ್ತಿ ಎದ್ದು ಬರುತ್ತಾರೆ. ಮೊಬೈಲ್ ಅಂಗಡಿಯಲ್ಲಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ, ಸಂಘದ ಸಾಲಕ್ಕೆಂದು ತೆರೆದ ಖಾತೆ, ಹಿಂದೆ ಕೂಲಿಗೆ ಹೋದ ಊರಿನ ಖಾತೆ, ಯಾವುದಾದರೂ ಆಗಿರಬಹುದು. 2017ರಲ್ಲಿ ಸಿಮ್ ಕಾರ್ಡಿಗೆ ಆಧಾರ್ ಕೊಟ್ಟವರ ಅಡುಗೆ ಅನಿಲದ ಸಬ್ಸಿಡಿ ಅವರಿಗೇ ಗೊತ್ತಿಲ್ಲದ ಖಾತೆಗಳಿಗೆ ಹೋಗಿ ದೊಡ್ಡ ಗಲಾಟೆಯಾಗಿತ್ತು. ಒಮ್ಮೆ ಮ್ಯಾಪಿಂಗ್ ಸರಿದರೆ ಪಿಎಂ ಕಿಸಾನ್ ಒಂದೇ ಅಲ್ಲ, ಆ ಆಧಾರ್ ಹಿಡಿದು ಬರುವ ಬರ ಪರಿಹಾರ, ಉದ್ಯೋಗ ಖಾತರಿ ಕೂಲಿ, ಗೃಹಲಕ್ಷ್ಮಿ ಎಲ್ಲವೂ ಜೊತೆಗೆ ಸರಿಯುತ್ತವೆ.

ಹಾಗಾಗಿ ಅರ್ಜಿ ಬರೆಯುವ ಮೊದಲು ಹಣ ಎಲ್ಲಿದೆ ಎಂದು ಹುಡುಕಿ. ಮೈಆಧಾರ್ ಪೋರ್ಟಲ್‌ನಲ್ಲಿ ಒಟಿಪಿ ಹಾಕಿ ಒಳಹೋದರೆ "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ಎಂದಿರುತ್ತದೆ. ಬ್ಯಾಂಕಿನ ಹೆಸರು, ಮ್ಯಾಪಿಂಗ್ ಚಾಲ್ತಿಯಲ್ಲಿದೆಯೇ ಎರಡೂ ಅಲ್ಲೇ ಕಾಣುತ್ತವೆ. ಒಟಿಪಿಗೆ ಆಧಾರ್‌ನಲ್ಲಿರುವ ಮೊಬೈಲ್ ಸಂಖ್ಯೆ ಬದುಕಿರಬೇಕು. ಗ್ರಾಮ ಒನ್‌ನಲ್ಲೂ ನೋಡಿಕೊಡುತ್ತಾರೆ. ಅಲ್ಲಿ ತೋರಿಸಿದ ಬ್ಯಾಂಕಿನ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ. ಹಣ ಅಲ್ಲೇ ಸಿಕ್ಕರೆ ಗಾಬರಿಯಾಗುವ ಅಗತ್ಯವಿಲ್ಲ, ತೆಗೆದುಕೊಳ್ಳಿ. ಮುಂದಿನ ಕಂತು ಬೇರೆ ಕಡೆ ಬೀಳಬೇಕೆಂದಿದ್ದರೆ, ಎಲ್ಲಿ ಬೀಳಬೇಕೋ ಆ ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಸೀಡಿಂಗ್‌ನ, ಅಂದರೆ ಮ್ಯಾಪರ್‌ಗೆ ಏರಿಸುವ ಒಪ್ಪಿಗೆ ಪತ್ರ ಕೇಳಿ. ಅದರಲ್ಲಿ ಈಗಿರುವ ಬ್ಯಾಂಕಿನ ಹೆಸರು ಬರೆಯುವ ಜಾಗವಿರುತ್ತದೆ, ಅದನ್ನು ಖಾಲಿ ಬಿಡಬೇಡಿ. ಸ್ವೀಕೃತಿ ತೆಗೆದುಕೊಳ್ಳಿ. ಕೌಂಟರಿನಲ್ಲಿ "ಲಿಂಕ್ ಆಗಿದೆ, ಹೋಗಿ" ಎಂದರೆ ಅದು ಬರೀ ಕೆವೈಸಿಯ ಮಾತಾಗಿರಬಹುದು. ವಾರ ಬಿಟ್ಟು ಪೋರ್ಟಲ್‌ನಲ್ಲಿ ಬ್ಯಾಂಕಿನ ಹೆಸರು ಬದಲಾಗಿದೆಯೇ ನೋಡಿದ ಮೇಲೇ ನಂಬಿ.

ಒಂದೇ ಬ್ಯಾಂಕಿನಲ್ಲಿ ಉಳಿತಾಯ ಖಾತೆ ಎರಡಿದ್ದು, ಒಂದು ಬೆಳೆಸಾಲದ ಜೊತೆ ತೆರೆದದ್ದಾದರೆ ಇನ್ನೊಂದು ತೊಡಕು. ಮ್ಯಾಪರ್ ಸರಿಯಾಗಿದ್ದರೂ ಹಣ ಸಾಲಕ್ಕೆ ಜೋಡಿಸಿದ ಖಾತೆಗೆ ಬೀಳಬಹುದು. ಸಾಲ ಸುಸ್ತಿಯಾಗಿದ್ದರೆ ಅಲ್ಲೇ ಹೊಂದಾಣಿಕೆಯಾಗಿಬಿಡುವ ಸಾಧ್ಯತೆಯೂ ಇದೆ. 2024ರ ಬರ ಪರಿಹಾರವನ್ನು ಸಾಲಕ್ಕೆ ಜಮೆ ಮಾಡಿಕೊಳ್ಳಬೇಡಿ ಎಂದು ರಾಜ್ಯ ಸರ್ಕಾರವೇ ಬ್ಯಾಂಕುಗಳಿಗೆ ಹೇಳಬೇಕಾಯಿತು. ಡಿಬಿಟಿ, ಅಂದರೆ ಸರ್ಕಾರದಿಂದ ನೇರ ಬರುವ ಹಣ ಯಾವ ಖಾತೆಗೆ ಬೀಳಬೇಕೆಂದು ಬ್ಯಾಂಕಿಗೆ ಸಂಖ್ಯೆ ಸಮೇತ ಬರೆದುಕೊಡಿ.

"ಹೇಗಿದ್ದರೂ ನನ್ನ ಸಾಲವೇ ತಾನೆ ತೀರಿದ್ದು" ಎಂದು ಸುಮ್ಮನಾಗುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಶೇ. 7ರ ಬೆಳೆಸಾಲಕ್ಕೆ ಎರಡು ಸಾವಿರ ಜಮೆಯಾದರೆ ಐದು ತಿಂಗಳಲ್ಲಿ ಉಳಿಯುವ ಬಡ್ಡಿ 58 ರೂಪಾಯಿ. ಸುಸ್ತಿಯಾದ ಸಾಲದ ದರ ಇದಕ್ಕಿಂತ ಹೆಚ್ಚಿರುತ್ತದೆ, ಒಪ್ಪೋಣ. ಆದರೆ ಬಿತ್ತನೆ ಹೊತ್ತಿಗೆ ಕೈ ಬರಿದಾಗಿ ಅದೇ ಎರಡು ಸಾವಿರವನ್ನು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದರೆ ಸುಗ್ಗಿಯ ಹೊತ್ತಿಗೆ ಬಡ್ಡಿಯೇ 300. ಗೊಬ್ಬರವನ್ನು ಅಂಗಡಿಯಿಂದ ಉದ್ದರಿ ತಂದರೆ ಬಡ್ಡಿಯ ಹೆಸರಿರುವುದಿಲ್ಲ, ದರದಲ್ಲೇ ಸೇರಿಸಿರುತ್ತಾರೆ. ಜೊತೆಗೆ ಬೆಳೆಯನ್ನು ಅವರಿಗೇ ಹಾಕಬೇಕೆಂಬ ಕಟ್ಟು ಬೇರೆ.

ಪಿಎಂ ಕಿಸಾನ್‌ನ ಮೂರು ಕಂತು ಸೇರಿ ವರ್ಷಕ್ಕೆ 6,000 ಎಂದರೆ ತಿಂಗಳಿಗೆ 500. ಯೋಜನೆ 2019ರ ಫೆಬ್ರುವರಿಯಲ್ಲಿ ಶುರುವಾದಾಗ ಇದ್ದ ಮೊತ್ತ ಇದೇ. ರಾಜ್ಯ ಸರ್ಕಾರ ಅದರ ಮೇಲೆ ಕೊಡುತ್ತಿದ್ದ 4,000 ಕೂಡ 2023ಕ್ಕೇ ನಿಂತಿತು. ಇಷ್ಟರಲ್ಲಿ ಸಂಸಾರ ನಡೆಯುವುದಿಲ್ಲ, ನಡೆಯುತ್ತದೆ ಎಂದು ಹೇಳುವವರು ಒಂದು ಮುಂಗಾರು ನಡೆಸಿ ನೋಡಲಿ. ಈ ಹಣದ ಬೆಲೆಯೆಲ್ಲ ಅದು ಕೈಗೆ ಬರುವ ಹೊತ್ತಿನಲ್ಲಿದೆ. ಒಂದೂವರೆ ಎಕರೆ ಮಳೆಯಾಶ್ರಿತ ರಾಗಿಗೆ ಪೊಟ್ಯಾಷ್ ಬಿಟ್ಟರೆ ಹೆಚ್ಚುಕಡಿಮೆ ಒಂದು ಮೂಟೆ ಡಿಎಪಿ, ಒಂದು ಮೂಟೆ ಯೂರಿಯಾ ಬೇಕು. ಡಿಎಪಿ 50 ಕಿಲೋಗೆ 1,350, ಯೂರಿಯಾ 45 ಕಿಲೋಗೆ 266 ರೂಪಾಯಿ 50 ಪೈಸೆ. ಎರಡೂ ಸೇರಿ 1,616.50. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಪ್ರಮಾಣ ಬದಲಾಗುತ್ತದೆ, ಅದನ್ನೇ ಅನುಸರಿಸಿ. ಒಂದು ಕಂತಿನಲ್ಲಿ ಇವೆರಡನ್ನೂ ನಗದು ಕೊಟ್ಟು ತರಬಹುದು. ಮಳೆ ಬಿದ್ದ ಮೂರನೇ ದಿನ ಅಂಗಡಿಯವರ ಮುಂದೆ ನಿಂತು "ಬರೆದುಕೊಳ್ಳಿ" ಎನ್ನಬೇಕಾಗಿಲ್ಲ ಎಂಬುದೇ ಸಣ್ಣ ಹಿಡುವಳಿಯ ಮನೆಗೆ ಇದರಿಂದ ಆಗುವ ದೊಡ್ಡ ಉಪಕಾರ. ಆದರೆ ಏಪ್ರಿಲ್‌ನಿಂದ ಜುಲೈವರೆಗಿನ ಕಂತು ಯಾವ ದಿನ ಬರುತ್ತದೆ ಎಂಬುದು ಮುಂಚೆಯೇ ಗಟ್ಟಿ ಇರುವುದಿಲ್ಲ. ಅದನ್ನು ನಂಬಿ ಯಾರಿಗೂ ತಾರೀಖು ಕೊಡಬೇಡಿ. ಡಿಸೆಂಬರ್-ಮಾರ್ಚ್ ಕಂತನ್ನು ಮುಟ್ಟದೆ ಇಟ್ಟರೆ ಮುಂಗಾರಿಗೆ ಅದೇ ಗಟ್ಟಿ ಹಣ. ಎಲ್ಲರಿಗೂ ಸಾಧ್ಯವಿಲ್ಲ ಎಂಬುದೂ ಗೊತ್ತಿದೆ. ಆ ತಿಂಗಳುಗಳಲ್ಲೇ ಜಾತ್ರೆ, ಮದುವೆ, ಆಸ್ಪತ್ರೆ ಎಲ್ಲ ಬರುತ್ತವೆ.

ಮನೆಯ ಹೆಂಗಸರ ಹೆಸರಿನ ಖಾತೆಯನ್ನೂ ಇದೇ ರೀತಿ ನೋಡಿಕೊಳ್ಳಿ. ಗೃಹಲಕ್ಷ್ಮಿಯ ಎರಡು ಸಾವಿರ ಅವರ ಆಧಾರ್ ಹಿಡಿದೇ ಬರುತ್ತದೆ. ಸಂತೆ, ಔಷಧಿ, ಮಕ್ಕಳ ಫೀಸು ಅದರಲ್ಲಿ ಕಳೆದರೆ ಕಿಸಾನ್ ಹಣ ಹೊಲಕ್ಕೆ ಉಳಿಯುತ್ತದೆ. ಅವರ ಎಟಿಎಂ ಕಾರ್ಡನ್ನು ಮಗನೋ ಮೈದುನನೋ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರೆ ಈ ಹಂಚಿಕೆ ನಡೆಯುವುದಿಲ್ಲ.

ಮ್ಯಾಪಿಂಗ್ ಸರಿಯಿದ್ದೂ ಹಣ ಬಾರದಿದ್ದರೆ ಪಿಎಂ ಕಿಸಾನ್ ಪೋರ್ಟಲ್‌ನ ಫಲಾನುಭವಿ ಸ್ಟೇಟಸ್‌ನಲ್ಲಿ ಇ-ಕೆವೈಸಿ, ಲ್ಯಾಂಡ್ ಸೀಡಿಂಗ್ (ಜಮೀನಿನ ದಾಖಲೆಯ ಜೋಡಣೆ) ಎರಡನ್ನೂ ನೋಡಿ. ಇ-ಕೆವೈಸಿ ಸಲೀಸು. ಜಮೀನಿನದ್ದೇ ಕಷ್ಟ, ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದರೆ ಉಳುಮೆ ಯಾರದ್ದಾದರೂ ಪ್ರಯೋಜನವಿಲ್ಲ. ಪೌತಿ ಖಾತೆ ಮಾಡಿಸಿ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಿ), ರಾಜ್ಯದ ರೈತರ ನೋಂದಣಿಯಾದ ಫ್ರೂಟ್ಸ್‌ನಲ್ಲಿ ನಿಮ್ಮ ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆಗೆ) ಆ ಸರ್ವೆ ನಂಬರ್ ಸೇರಿಸಿ, ಆಮೇಲೆ ಅರ್ಜಿ. 2019ರ ಫೆಬ್ರುವರಿ 1ರ ನಂತರ ಕ್ರಯಕ್ಕೆ ಪಡೆದ ಜಮೀನಿಗೂ ವಾರಸುದಾರಿಕೆಯಿಂದ ಬಂದ ಜಮೀನಿಗೂ ನಿಯಮ ಬೇರೆ ಬೇರೆ. ಕೃಷಿ ಅಧಿಕಾರಿಗಳ ಹತ್ತಿರ ಪಹಣಿ, ಮ್ಯುಟೇಷನ್ ತೋರಿಸಿಯೇ ಕೇಳಿ. ಗುತ್ತಿಗೆಗೆ ಉಳುವವರಿಗೆ ಈ ಯೋಜನೆಯಲ್ಲಿ ಏನೂ ಇಲ್ಲ. ಬೆವರು ಅವರದ್ದು, ಎರಡು ಸಾವಿರ ಪಹಣಿದಾರರದ್ದು. ಅದಕ್ಕೆ ಬ್ಯಾಂಕಿನಲ್ಲಿ ಮದ್ದಿಲ್ಲ.

ಹೆಬ್ಬೆಟ್ಟು ಕೊಟ್ಟು ಹಣ ತೆಗೆಯುವ ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಮೊದಲು ಬ್ಯಾಂಕಿನ ಹೆಸರು ಆರಿಸಬೇಕು. ಹಣ ಬಿದ್ದ ಬ್ಯಾಂಕು ಬಿಟ್ಟು ಬೇರೆಯದನ್ನು ಒತ್ತಿದರೆ "ಬ್ಯಾಲೆನ್ಸ್ ಇಲ್ಲ" ಎಂದು ಬರಬಹುದು. ಎಷ್ಟೋ ಜನ ಅಲ್ಲಿಂದಲೇ ವಾಪಸು ಹೋಗುತ್ತಾರೆ. "ಸರ್ವರ್ ಇಲ್ಲ, ಇನ್ನೊಮ್ಮೆ ಒತ್ತಿ" ಎಂದರೆ ಒತ್ತುವ ಮೊದಲು ಚೀಟಿ ಕೇಳಿ. ಖಾತೆಯಲ್ಲಿ ಕಡಿತವಾಗಿ ಹಣ ಕೈಗೆ ಬಾರದಿದ್ದರೆ, ವಹಿವಾಟಿನ ದಿನದಿಂದ ಐದು ದಿನದೊಳಗೆ ಅದು ತಾನಾಗಿ ವಾಪಸು ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಬಾಯಿಮಾತಿನಲ್ಲಿ ಕೇಳಿದರೆ ಸಿಗುವುದು ಕಷ್ಟ. ಚೀಟಿಯ ಜೆರಾಕ್ಸ್ ಲಗತ್ತಿಸಿ, ನಿಮ್ಮ ಖಾತೆ ಇರುವ ಶಾಖೆಗೇ ಲಿಖಿತ ದೂರು ಕೊಡಿ.